ಎತ್ತಿ ಹಿಡಿದರೆ ಓಡುತ್ತದೆ, ನೆಲಕ್ಕಿಟ್ಟರೆ ನಿಲ್ಲುತ್ತದೆ: ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ಆರ್ಡುಯಿನೊ ಉನೊ (ಪ್ರೋಗ್ರಾಂ ಓಡಿಸುವ ಪುಟ್ಟ ಬೋರ್ಡ್), ಎಲ್298ಎನ್ ಮೋಟರ್ ಡ್ರೈವರ್ (ಅದರ ಆದೇಶದಂತೆ ಮೋಟರಿಗೆ ಕರೆಂಟ್ ಹಾಯಿಸುವ ಬೋರ್ಡ್), ಎರಡು ಹಳದಿ ಗೇರ್ ಮೋಟರ್ ಸೇರಿಸಿ ಪುಟ್ಟ ಗಾಡಿ ಮಾಡಿದ್ದೇನೆ. ಎಲ್ಲಕ್ಕೂ ಒಂದೇ 9 ವೋಲ್ಟ್ ಬ್ಯಾಟರಿ. ಕೈಯಲ್ಲಿ ಎತ್ತಿ ಹಿಡಿದರೆ ಚಕ್ರ ಚೆನ್ನಾಗಿ ತಿರುಗುತ್ತದೆ. ನೆಲಕ್ಕಿಟ್ಟರೆ ಒಮ್ಮೆ ಜಗ್ಗಿ ನಿಲ್ಲುತ್ತದೆ, ಮತ್ತೆ ಜಗ್ಗುತ್ತದೆ. ಪ್ರೋಗ್ರಾಂ ಎಷ್ಟು ತಿದ್ದಿದರೂ ಸರಿಹೋಗಿಲ್ಲ.

ಉತ್ತರ: ಪ್ರೋಗ್ರಾಂ ಮುಟ್ಟಬೇಡಿ, ತೊಂದರೆ ಇರುವುದು ಬ್ಯಾಟರಿಯಲ್ಲಿ. ಈ ಮೋಟರ್ ಭಾರವಿಲ್ಲದೆ ತಿರುಗುವಾಗ 150–200 ಮಿಲಿಆಂಪಿಯರ್ ಎಳೆದರೆ, ನಿಂತಲ್ಲಿಂದ ಹೊರಡುವ ಗಳಿಗೆಯಲ್ಲಿ ಒಂದು ಆಂಪಿಯರ್ ಹತ್ತಿರ ಕೇಳುತ್ತದೆ. ತಿರುಗುತ್ತಿರುವ ಮೋಟರ್ ತಾನೇ ಒಂದಿಷ್ಟು ಎದುರು ವೋಲ್ಟೇಜ್ ಹುಟ್ಟಿಸಿ ಕರೆಂಟನ್ನು ತಡೆಯುತ್ತದೆ. ನಿಂತಿರುವಾಗ ಆ ತಡೆ ಇಲ್ಲ, ತಂತಿ ಸುರುಳಿಯ ರೆಸಿಸ್ಟೆನ್ಸ್ ಮಾತ್ರ ಇರುತ್ತದೆ. ಚೌಕಾಕಾರದ 9 ವೋಲ್ಟ್ ಬ್ಯಾಟರಿಯೊಳಗೆ ಇರುವುದು ಆರು ಸಣ್ಣ ಸೆಲ್‌ಗಳು. ಅದರ ಒಳ ರೆಸಿಸ್ಟೆನ್ಸ್ ಹೊಸದರಲ್ಲೇ ಒಂದೆರಡು ಓಮ್, ಬಳಸಿದಂತೆ ಇನ್ನೂ ಹೆಚ್ಚುತ್ತದೆ. ಎರಡು ಮೋಟರ್ ಒಟ್ಟಿಗೆ ಹೊರಟಾಗ ವೋಲ್ಟೇಜ್ ಕುಸಿಯುತ್ತದೆ, ಉನೊ ರೀಸೆಟ್ ಆಗುತ್ತದೆ. ರೀಸೆಟ್ ಆದ ಮೇಲೆ ಪ್ರೋಗ್ರಾಂ ಮೊದಲಿಂದ ಶುರುವಾಗಿ ಮತ್ತೆ ಮೋಟರ್ ಹೊರಡಿಸುತ್ತದೆ. ನಿಮಗೆ ಕಾಣುವ ಜಗ್ಗಾಟ ಅದೇ.

ನಂಬಿಕೆ ಬರಬೇಕಾದರೆ ಅಳೆದು ನೋಡಿ. ಮಲ್ಟಿಮೀಟರನ್ನು 20 ವೋಲ್ಟ್ ಡಿಸಿಗೆ ಇಟ್ಟು, ಕೆಂಪು ಕಡ್ಡಿ ಉನೊಗೆ ಬ್ಯಾಟರಿ ಕರೆಂಟ್ ಒಳಬರುವ ವಿಇನ್ ಪಿನ್ನಿಗೆ, ಕಪ್ಪು ಕಡ್ಡಿ ಗ್ರೌಂಡ್‌ಗೆ ಹಿಡಿದು, ಚಕ್ರವನ್ನು ಬೆರಳಿನಿಂದ ಮೆಲ್ಲಗೆ ತಡೆಯಿರಿ. 9ರ ಆಸುಪಾಸಿನಲ್ಲಿದ್ದ ಅಂಕೆ 6–7ಕ್ಕೆ ಇಳಿಯುವುದು ಕಾಣುತ್ತದೆ. ಮೀಟರ್ ನಿಧಾನವಾಗಿ ಓದುವುದರಿಂದ ನಿಜವಾದ ಕುಸಿತ ಅದಕ್ಕಿಂತಲೂ ಆಳವಾಗಿರುತ್ತದೆ.

ಇದಕ್ಕೆ ಪರಿಹಾರ: ಎರಡು 18650 ಲಿಥಿಯಂ ಸೆಲ್‌ಗಳನ್ನು ಸರಣಿಯಲ್ಲಿ ಹಾಕಿ. ಸಾಮಾನ್ಯ ವೋಲ್ಟೇಜ್ 7.4, ಪೂರ್ತಿ ಚಾರ್ಜ್ ಆದಾಗ 8.4. ಲಿಥಿಯಂ ಬೇಡವೆಂದರೆ ಆರು ನಿಕಲ್ ಮೆಟಲ್ ಹೈಡ್ರೈಡ್ ಎಎ ಸೆಲ್ ಸಾಕು, 7.2 ವೋಲ್ಟ್ ಸಿಗುತ್ತದೆ. ನಾಲ್ಕೇ ಸೆಲ್ ಹಾಕಿ 4.8 ವೋಲ್ಟ್‌ನಲ್ಲಿ ಮುಗಿಸಲು ಹೋಗಬೇಡಿ. ಎಲ್298ಎನ್ ಹಳೆಯ ಕಾಲದ ಟ್ರಾನ್ಸಿಸ್ಟರ್ ವಿನ್ಯಾಸದ್ದು, ತನ್ನಲ್ಲೇ ಸುಮಾರು 2 ವೋಲ್ಟ್ ತಿಂದುಹಾಕುತ್ತದೆ, ಮೋಟರಿಗೆ ಉಳಿಯುವುದು 3ಕ್ಕಿಂತ ಕಡಿಮೆ. ಹೊಸದಾಗಿ ಕೊಳ್ಳುವವರಿಗೆ ನಮ್ಮ ಸಲಹೆ ಟಿಬಿ6612ಎಫ್‌ಎನ್‌ಜಿ. ಈ ಡ್ರೈವರಿನಲ್ಲಿ ಮಾಸ್‌ಫೆಟ್ ಎಂಬ ಬೇರೆ ಬಗೆಯ ಟ್ರಾನ್ಸಿಸ್ಟರ್ ಇರುವುದರಿಂದ ನಷ್ಟ ತೀರಾ ಕಡಿಮೆ, ಪ್ರತಿ ಮೋಟರಿಗೆ 1.2 ಆಂಪಿಯರ್ ನಿರಂತರವಾಗಿ ಕೊಡುತ್ತದೆ.

ಸೆಲ್‌ನಿಂದ ಡ್ರೈವರಿಗೆ ನೇರ ವೈರ್ ಎಳೆಯಿರಿ. ಉನೊಗೆ ಮಾತ್ರ 5 ವೋಲ್ಟ್‌ಗೆ ಇಳಿಸುವ ಸ್ಟೆಪ್‌ಡೌನ್ ಮಾಡ್ಯೂಲ್ ಪ್ರತ್ಯೇಕವಾಗಿ ಹಾಕಿ, 5ವಿ ಪಿನ್ನಿಗೆ ಕೊಡಿ. ಬೋರ್ಡಿಗೆ ಜೋಡಿಸುವ ಮೊದಲೇ ಅದರ ಪುಟ್ಟ ಹಿತ್ತಾಳೆ ಸ್ಕ್ರೂ ತಿರುಗಿಸಿ, ಮೀಟರ್ ನೋಡುತ್ತ 5.0ಕ್ಕೆ ತನ್ನಿ. ಅಂಗಡಿಯಿಂದ ಬಂದಾಗ ಎಷ್ಟಕ್ಕೆ ನಿಂತಿರುತ್ತದೆ ಎಂಬುದಕ್ಕೆ ಖಾತ್ರಿ ಇಲ್ಲ. ಈ ಪಿನ್ನಿಗೆ ಕರೆಂಟ್ ಕೊಟ್ಟಿರುವಾಗ ಯುಎಸ್‌ಬಿ ಕೇಬಲ್ ಸಿಕ್ಕಿಸಬೇಡಿ. ಡ್ರೈವರಿನ ಗ್ರೌಂಡ್, ಉನೊದ ಗ್ರೌಂಡ್ ಒಂದಕ್ಕೊಂದು ಸೇರಿರಲೇಬೇಕು. ಇಲ್ಲದಿದ್ದರೆ ಡ್ರೈವರಿಗೆ ಯಾವುದು ಸೊನ್ನೆ, ಯಾವುದು 5 ಎಂದೇ ತಿಳಿಯುವುದಿಲ್ಲ.

ಡ್ರೈವರಿನ ಸಪ್ಲೈಗೆ 470 ಮೈಕ್ರೋಫ್ಯಾರಡ್, 16 ವೋಲ್ಟ್‌ನ ಕೆಪಾಸಿಟರ್ ಅಡ್ಡ ಹಾಕಿ. ಮೈಮೇಲೆ ಪಟ್ಟೆ ಇರುವ ಕಾಲು ನೆಗೆಟಿವ್. ತಿರುಗುಮುರುಗಾದರೆ ಉಬ್ಬಿ ಸಿಡಿಯುತ್ತದೆ. ಪ್ರತಿ ಮೋಟರಿನ ಎರಡು ತುದಿಗಳ ನಡುವೆ 104 ಎಂದು ಬರೆದಿರುವ ಸೆರಾಮಿಕ್ ಕೆಪಾಸಿಟರನ್ನು ಬೆಸೆದರೆ ಬ್ರಷ್ ಕಿಡಿಯ ಗದ್ದಲ ಅಲ್ಲೇ ಅಡಗುತ್ತದೆ.

ಲಿಥಿಯಂ ವಿಷಯದಲ್ಲಿ ಒಂದು ಮಾತು, ದಯವಿಟ್ಟು ಹಗುರವಾಗಿ ತೆಗೆದುಕೊಳ್ಳಬೇಡಿ. ಟಿಪಿ4056 ಚಾರ್ಜಿಂಗ್ ಮಾಡ್ಯೂಲ್ ಇರುವುದು ಒಂದೇ ಸೆಲ್‌ನ 4.2 ವೋಲ್ಟ್‌ಗೆ. ಸರಣಿಯಲ್ಲಿರುವ ಎರಡು ಸೆಲ್‌ಗಳಿಗೆ ಅದನ್ನು ಜೋಡಿಸಬಾರದು. ಸೆಲ್‌ಗಳನ್ನು ಹೊರತೆಗೆದು ಒಂದೊಂದಾಗಿ ಚಾರ್ಜ್ ಮಾಡಿ, ಗಾಡಿಯಲ್ಲಿ ಎರಡು ಸೆಲ್‌ಗಾಗಿಯೇ ಇರುವ ರಕ್ಷಣಾ ಬೋರ್ಡ್ ಇರಲಿ. ಒಂದು ಸೆಲ್ 3 ವೋಲ್ಟ್‌ಗಿಂತ ಕೆಳಗಿಳಿಯುವ ಮೊದಲೇ ಸ್ವಿಚ್ ಆರಿಸಿ.

ಪ್ರಶ್ನೆ: ನಾನು ಹಾಕುವ ಬೆಸುಗೆ ಗುಂಡು ಗುಂಡಾಗಿ ಕೂರುತ್ತದೆ, ಎಳೆದರೆ ಕಿತ್ತು ಬರುತ್ತದೆ. ಏನು ತಪ್ಪು?

ಉತ್ತರ: ಬೆಸುಗೆಯ ಸೀಸವನ್ನು ಐರನ್ ತುದಿಯಲ್ಲಿ ಕರಗಿಸಿಕೊಂಡು ತಂದು ಬಳಿಯುತ್ತಿದ್ದೀರಿ. ಅಷ್ಟರಲ್ಲಿ ಸೀಸದ ತಂತಿಯೊಳಗಿನ ಫ್ಲಕ್ಸ್ (ಲೋಹವನ್ನು ಶುಚಿಮಾಡುವ ಪದಾರ್ಥ) ಸುಟ್ಟು ಹೋಗಿರುತ್ತದೆ, ಪ್ಯಾಡ್ (ಬೋರ್ಡಿನ ಮೇಲಿನ ಲೋಹದ ಚುಕ್ಕೆ) ತಣ್ಣಗೇ ಇರುತ್ತದೆ. ಐರನ್ 350 ಡಿಗ್ರಿಯಲ್ಲಿರಲಿ. ತುದಿ ಪ್ಯಾಡನ್ನೂ ಬಿಡಿಭಾಗದ ಕಾಲನ್ನೂ ಒಟ್ಟಿಗೆ ಮುಟ್ಟಲಿ, ಒಂದು ಸೆಕೆಂಡಿನ ನಂತರ ಎದುರು ಬದಿಯಿಂದ ಸೀಸದ ತಂತಿ ತಾಗಿಸಿ. ಮೊದಲು ಸೀಸ ತೆಗೆಯಿರಿ, ಆಮೇಲೆ ಐರನ್. ಸೀಸ ಕಾಲಿನ ಸುತ್ತ ಇಳಿಜಾರಾಗಿ ಹರಿದು ನಿಂತಿದ್ದರೆ ಬೆಸುಗೆ ಗಟ್ಟಿ.

ಪ್ರಶ್ನೆ: ಲೈನ್ ಫಾಲೋವರ್ (ನೆಲದ ಗೆರೆ ಹಿಂಬಾಲಿಸುವ ಗಾಡಿ) ನಿಧಾನಕ್ಕೆ ಹೋದರೆ ಗೆರೆ ಬಿಡುವುದಿಲ್ಲ. ವೇಗ ಹೆಚ್ಚಿಸಿದರೆ ಬಾಲ ಅಲ್ಲಾಡಿಸಿದಂತೆ ಓಲಾಡಿ ಹೊರಗೆ ಹೋಗುತ್ತದೆ. ಐದು ಸೆನ್ಸರ್ ಇವೆ.

ಉತ್ತರ: ಮೊದಲು ಪ್ರೋಗ್ರಾಂನೊಳಗಿನ ಸೀರಿಯಲ್ ಪ್ರಿಂಟ್ (ಕಂಪ್ಯೂಟರಿಗೆ ಅಕ್ಷರ ಕಳಿಸುವ ಆದೇಶ) ತೆಗೆಯಿರಿ. ಇದು ಬಹುಮಂದಿಗೆ ಹೊಳೆಯುವುದೇ ಇಲ್ಲ. 9600 ಬಾಡ್ ವೇಗದಲ್ಲಿ ಸೆಕೆಂಡಿಗೆ 960 ಅಕ್ಷರ ಹೋಗುತ್ತದೆ. 20 ಅಕ್ಷರದ ಒಂದು ಸಾಲಿಗೆ 21 ಮಿಲಿಸೆಕೆಂಡ್ ಬೇಕು. ಬಫರ್ (ಹೋಗಬೇಕಾದ ಅಕ್ಷರ ಕಾದಿರುವ ಜಾಗ) ತುಂಬಿದ ಮೇಲೆ ಪ್ರೋಗ್ರಾಂ ಪ್ರತಿ ಸುತ್ತೂ ಅಷ್ಟು ಹೊತ್ತು ಕಾಯುತ್ತದೆ. ಸೆಕೆಂಡಿಗೆ 50 ಸೆಂಟಿಮೀಟರ್ ವೇಗದ ಗಾಡಿ ಅಷ್ಟರಲ್ಲಿ ಒಂದು ಸೆಂಟಿಮೀಟರ್ ಕಣ್ಣುಮುಚ್ಚಿ ಓಡಿರುತ್ತದೆ.

ಆಮೇಲೆ ಸೆನ್ಸರ್ ಎತ್ತರ. ಟಿಸಿಆರ್‌ಟಿ5000 ಎಂಬ ಇನ್‌ಫ್ರಾರೆಡ್ ಸೆನ್ಸರ್ ಆದರೆ ನೆಲದಿಂದ ಸುಮಾರು 3 ಮಿಲಿಮೀಟರ್‌ನಲ್ಲಿರಲಿ. ಕಿಟಕಿಯ ಬಿಸಿಲು ಬಿದ್ದರೆ ಓದು ಕೆಡುತ್ತದೆ, ಬದಿಗಳಿಗೆ ಕಪ್ಪು ಕಾಗದದ ಮರೆ ಕಟ್ಟಿ. ಬಿಳಿಯ ಮೇಲೆ 120, ಕಪ್ಪಿನ ಮೇಲೆ 780 ಬಂದರೆ ನಡುವಿನ 450 ನಿಮ್ಮ ಗಡಿ. ಪ್ರತಿ ಸೆನ್ಸರಿಗೂ ಇದನ್ನು ಬೇರೆಬೇರೆಯಾಗಿ ಅಳೆಯಿರಿ.

ಇಷ್ಟಾದ ಮೇಲೆ ಪಿಐಡಿ, ಅಂದರೆ ಗೆರೆಯಿಂದ ಎಷ್ಟು ತಪ್ಪಿದೆ ಎಂದು ನೋಡಿ ಗಾಡಿಯನ್ನು ತಿದ್ದುವ ಲೆಕ್ಕ. ಎಡದಿಂದ ಬಲಕ್ಕೆ −2, −1, 0, 1, 2 ಎಂದು ತೂಕ ಕೊಡಿ. ಗೆರೆಯ ಮೇಲಿರುವ ಸೆನ್ಸರ್‌ಗಳ ತೂಕದ ಸರಾಸರಿಯೇ ತಪ್ಪಿನ ಅಳತೆ. ಈ ಲೆಕ್ಕಕ್ಕೆ ಮೂರು ಗುಣಕ: ಈಗಿನ ತಪ್ಪಿಗೆ ಕೆಪಿ, ಕೂಡುತ್ತ ಬಂದ ತಪ್ಪಿಗೆ ಕೆಐ, ತಪ್ಪು ಬದಲಾಗುವ ವೇಗಕ್ಕೆ ಕೆಡಿ. ಕೆಐ, ಕೆಡಿ ಎರಡನ್ನೂ ಸೊನ್ನೆ ಮಾಡಿ, ಕೆಪಿಯನ್ನು ಗಾಡಿ ಓಲಾಡಲು ಶುರುಮಾಡುವವರೆಗೆ ಏರಿಸಿ. ಅಲ್ಲಿಂದ ಕೆಡಿ ಏರಿಸುತ್ತ ಹೋದರೆ ಓಲಾಟ ತಗ್ಗುತ್ತದೆ. ಕೆಡಿ ಅತಿಯಾದರೆ ಮೋಟರ್ ಗರಗರ ಎನ್ನುತ್ತದೆ, ಆಗ ಸ್ವಲ್ಪ ಇಳಿಸಿ. ಗೆರೆ ಹಿಂಬಾಲಿಸಲು ಕೆಐ ಹೆಚ್ಚಾಗಿ ಬೇಕಾಗುವುದೇ ಇಲ್ಲ. ಬ್ಯಾಟರಿ ಇಳಿದಂತೆ ಈ ಅಂಕೆಗಳ ಹದ ತಪ್ಪುತ್ತದೆ, ಹಾಗಾಗಿ ಹೊಂದಾಣಿಕೆಯನ್ನು ಚಾರ್ಜ್ ಆದ ಸೆಲ್‌ನಲ್ಲೇ ಮಾಡಿ.

ಪ್ರಶ್ನೆ: ಶಬ್ದದಿಂದ ದೂರ ಅಳೆಯುವ ಎಚ್‌ಸಿ-ಎಸ್‌ಆರ್04 ಅಲ್ಟ್ರಾಸಾನಿಕ್ ಸೆನ್ಸರನ್ನು ಇಎಸ್‌ಪಿ32 ಬೋರ್ಡಿಗೆ ನೇರವಾಗಿ ಜೋಡಿಸಬಹುದೇ? ನಡುನಡುವೆ ಸೊನ್ನೆ ತೋರಿಸುವುದೇಕೆ?

ಉತ್ತರ: ಶಬ್ದ ಹೊರಡಿಸಲು ಹೇಳುವ ಟ್ರಿಗ್ ಪಿನ್ ನೇರವಾಗಿ ಜೋಡಿಸಿ, ಉತ್ತರ ಕೊಡುವ ಎಕೋ ಪಿನ್ ಬೇಡ. ಎಕೋ 5 ವೋಲ್ಟ್ ಹೊರಹಾಕುತ್ತದೆ, ಇಎಸ್‌ಪಿ32 ಪಿನ್ನಿನ ಮಿತಿ 3.3. ಎಕೋದಿಂದ 1 ಕಿಲೋಓಮ್, ಅಲ್ಲಿಂದ ಗ್ರೌಂಡಿಗೆ 2 ಕಿಲೋಓಮ್ ಹಾಕಿ, ನಡುವಿನ ಜಾಗದಿಂದ ಪಿನ್ನಿಗೆ ವೈರ್ ತನ್ನಿ.

ಸೊನ್ನೆ ಎಂದರೆ ಪ್ರತಿಧ್ವನಿ ವಾಪಸ್ ಬರಲಿಲ್ಲ ಎಂದರ್ಥ. ಪರದೆ, ದಿಂಬು ಶಬ್ದವನ್ನು ಹೀರುತ್ತವೆ. ಓರೆಯಾದ ಗೋಡೆ ಅದನ್ನು ಬೇರೆಡೆಗೆ ಚಿಮ್ಮಿಸುತ್ತದೆ. ಎಕೋ ಸಮಯ ಅಳೆಯುವ ಪಲ್ಸ್‌ಇನ್ ಆದೇಶವನ್ನು ಸುಮ್ಮನೆ ಬಿಟ್ಟರೆ ಪೂರ್ತಿ ಒಂದು ಸೆಕೆಂಡ್ ಕಾಯುತ್ತದೆ, ಅಷ್ಟು ಹೊತ್ತಿಗೆ ಗಾಡಿ ಗೋಡೆಗೆ ಬಡಿದಿರುತ್ತದೆ. 25000 ಮೈಕ್ರೋಸೆಕೆಂಡ್ ಗಡುವು ಕೊಡಿ: ಒಂದು ಸೆಂಟಿಮೀಟರಿಗೆ ಹೋಗಿಬರಲು 58 ಮೈಕ್ರೋಸೆಕೆಂಡ್ ಲೆಕ್ಕದಲ್ಲಿ ನಾಲ್ಕು ಮೀಟರ್ ದಾಟುತ್ತದೆ. ಎರಡು ಓದುಗಳ ನಡುವೆ 60 ಮಿಲಿಸೆಕೆಂಡ್ ಬಿಡಿ. ಮೂರು ಓದು ತೆಗೆದುಕೊಂಡು ಅಂಕೆಯಲ್ಲಿ ನಡುವಿನದನ್ನು ಇಟ್ಟುಕೊಳ್ಳಿ, ಸೊನ್ನೆ ಬಂದರೆ ‘ತಿಳಿಯದು’ ಎಂದೇ ಎಣಿಸಿ. ಇನ್ನೊಂದು, ಇಎಸ್‌ಪಿ32ರ 34, 35, 36, 39ನೇ ಪಿನ್‌ಗಳು ಓದಲು ಮಾತ್ರ. ಎಕೋವನ್ನು ಅಲ್ಲಿ ಹಾಕಬಹುದು, ಟ್ರಿಗ್ ಹಾಕಿದರೆ ಸೆನ್ಸರ್ ಉಸಿರೆತ್ತುವುದಿಲ್ಲ.