ಎಲ್ಲರೂ ನೋಡಿದರು, ಅವಳೊಬ್ಬಳು ನೋಡಲಿಲ್ಲ

ಹುಡುಗಿಗೆ 15 ವರ್ಷ. ಗುರುತು ಸಿಗಬಾರದು ಅಂತ ಕೆಲವು ವಿವರ ಬದಲಿಸಿದ್ದೇನೆ, ಹೆಸರಂತೂ ಬೇಡವೇ ಬೇಡ. ಮೂರ್ಛೆರೋಗ ಇದೆ ಅಂತ ಗೊತ್ತಾಗಿ ಒಂದು ವರ್ಷವಾಗಿತ್ತು. ಮಾತ್ರೆ ನಡೆಯುತ್ತಿತ್ತು. ಮನೆಯವರನ್ನು ಬಿಟ್ಟರೆ ಯಾರಿಗೂ ಹೇಳಿರಲಿಲ್ಲ. ಒಂದು ದಿನ ಮೊದಲ ಪೀರಿಯಡ್‌ನಲ್ಲೇ, ಇಡೀ ತರಗತಿಯ ಎದುರಿಗೆ ಫಿಟ್ಸ್ ಬಂತು. ಆಮೇಲೆ ಹನ್ನೊಂದು ದಿನ ಶಾಲೆಯ ಕಡೆ ತಲೆ ಹಾಕಲಿಲ್ಲ. ಅಮ್ಮ ಆಪ್ತಸಲಹೆಗೆ ಅಂತ ನನ್ನ ಹತ್ತಿರ ಕರೆದುಕೊಂಡು ಬಂದರು.

ಮೊದಲ ಅರ್ಧ ಗಂಟೆ ಅಮ್ಮನೇ ಮಾತಾಡಿದರು. ಅವರನ್ನು ಸ್ವಲ್ಪ ಹೊರಗೆ ಕೂರಲು ಹೇಳಿದೆ. ಹುಡುಗಿ ಬ್ಯಾಗಿನ ಜಿಪ್ ಎಳೆಯುತ್ತಾ ಬಿಡುತ್ತಾ ಕೂತಿದ್ದವಳು ಕೊನೆಗೆ ಹೇಳಿದಳು: "ನಾನು ಹೇಗೆ ಕಾಣಿಸ್ದೆ ಅಂತ ನನಗೇ ಗೊತ್ತಿಲ್ಲ ಮೇಡಂ. ಅವರಿಗೆಲ್ಲ ಗೊತ್ತು."

ಈ ಮಾತು ಬಂದ ಮೇಲೆ ನನಗೆ ಬೇರೆ ಏನೂ ಕೇಳಬೇಕು ಅನ್ನಿಸಲಿಲ್ಲ. ಮೈಯೆಲ್ಲ ಅದುರುವ ಫಿಟ್ಸ್‌ನಲ್ಲಿ ಎಚ್ಚರ ತಪ್ಪುತ್ತದೆ, ನೆನಪು ಉಳಿಯುವುದಿಲ್ಲ. ಬೇರೆ ಯಾವ ಅವಮಾನವನ್ನಾದರೂ ನಾವೇ ಕಣ್ಣಾರೆ ನೋಡಿರುತ್ತೇವೆ, ಇಲ್ಲಿ ಮಾತ್ರ ಅನುಭವಿಸಿದವಳನ್ನು ಬಿಟ್ಟು ಉಳಿದವರೆಲ್ಲ ಸಾಕ್ಷಿಗಳು. ಆ ಖಾಲಿ ಜಾಗವನ್ನು ಅವಳು ರಾತ್ರಿಯೆಲ್ಲ ತುಂಬುತ್ತಿದ್ದಳು, ಒಂದೊಂದು ರಾತ್ರಿ ಒಂದೊಂದು ಥರ, ಎಲ್ಲವೂ ನಡೆದದ್ದಕ್ಕಿಂತ ಭಯಂಕರವಾಗಿ. "ಯಾರೂ ಏನೂ ಅಂದುಕೊಂಡಿಲ್ಲ ಬಿಡು" ಅಂತ ಮನೆಯವರು ಸಮಾಧಾನ ಮಾಡಿದ್ದರಂತೆ. ಅದು ಅವಳಿಗೆ ಸುಮ್ನೆ ಸುಳ್ಳು ಅನ್ನಿಸಿತ್ತು.

ನಾನು ಕೊಟ್ಟ ಮೊದಲ ಸಲಹೆ ಇಷ್ಟೇ. ನಂಬಿಕೆಯಿರುವ ಒಬ್ಬ ಗೆಳತಿಯನ್ನು ಕೇಳು, ಅವತ್ತು ಏನಾಯಿತು ಅಂತ ಮೊದಲಿನಿಂದ ಕೊನೆವರೆಗೆ, ಏನೂ ಮುಚ್ಚಿಡದೆ. ಅವಳು ಒಪ್ಪಲು ಒಂದು ವಾರ ಹಿಡಿಯಿತು.

ಗೆಳತಿ ಹೇಳಿದ್ದು: ಮೊದಲು ಕೈಯಲ್ಲಿದ್ದ ಪೆನ್ನು ಮುಂದಿನ ಬೆಂಚಿಗೆ ಹಾರಿತು. ಆಮೇಲೆ ನೀನು ಕೂಗಿ ಬಿದ್ದೆ. ಎರಡು ನಿಮಿಷವೂ ಆಗಿರಲಿಕ್ಕಿಲ್ಲ. ಯಾರೋ ಬಾಯಿಗೆ ಸ್ಕೇಲ್ ತುರುಕಲು ಹೋದರು, ಟೀಚರ್ ಕಿರುಚಿದರು. ನಿನ್ನ ಸ್ಕರ್ಟ್ ಒದ್ದೆಯಾಗಿತ್ತು, ನಾನು ಸ್ವೆಟರ್ ಹಾಕಿ ಮುಚ್ಚಿದೆ, ಹಿಂದಿನ ಸಾಲಿನವರಿಗೆ ಕಾಣಿಸಿರಲಿಕ್ಕಿಲ್ಲ. ಒಬ್ಬ ನಕ್ಕ. ಅವನಿಗೆ ಬೈದೆವು.

ಒದ್ದೆಯಾದ ವಿಷಯ ಕೇಳಿ ಅವಳು ಅತ್ತಳು. ಆದರೆ ಕೇಳಿದ್ದು ಒಳ್ಳೆಯದೇ ಆಯಿತು ಅಂದಳು, ಯಾಕೆಂದರೆ ಅವಳು ಊಹಿಸಿಕೊಂಡಿದ್ದು ಅರ್ಧ ಗಂಟೆಯ ಕಥೆ, ಅದರಲ್ಲಿ ನಕ್ಕವರು ನಲವತ್ತು ಜನ.

ನನ್ನ ಕಿವಿ ಚುರುಕಾದದ್ದು ಪೆನ್ನಿನ ಮಾತಿಗೆ. ಬೆಳಗ್ಗೆ ಎದ್ದ ಮೇಲೆ ಕೈಯಿಂದ ವಸ್ತು ಹಾರಿ ಬೀಳುತ್ತಾ ಅಂತ ಕೇಳಿದೆ. "ಬ್ರಷ್ಷು, ಲೋಟ... ಅಮ್ಮ ಬೈತಾರೆ, ಗಮನ ಇಲ್ಲ ಅಂತ." ಇದನ್ನು ಡಾಕ್ಟರಿಗೆ ಹೇಳಿದ್ದೀಯಾ? ಇಲ್ಲ. ಅದೂ ರೋಗದ ಭಾಗ ಅಂತ ಯಾರಿಗೂ ಹೊಳೆದಿರಲಿಲ್ಲ. ಹದಿಹರೆಯದಲ್ಲಿ ಶುರುವಾಗುವ ಒಂದು ಬಗೆಯ ಮೂರ್ಛೆರೋಗದಲ್ಲಿ ಬೆಳಗ್ಗೆ ಎದ್ದ ಸ್ವಲ್ಪ ಹೊತ್ತಿಗೆ ಕೈ ಹೀಗೆ ಜರ್ಕ್ ಹೊಡೆಯುತ್ತದೆ, ನಿದ್ದೆ ಕೆಟ್ಟರೆ ಜಾಸ್ತಿ. ಇದು ಡಾಕ್ಟರಿಗೆ ಗೊತ್ತಾಗಲೇಬೇಕು, ಯಾಕೆಂದರೆ ಒಂದು ಬಗೆಗೆ ಒಳ್ಳೆಯದಾದ ಮಾತ್ರೆ ಇನ್ನೊಂದು ಬಗೆಯಲ್ಲಿ ಜರ್ಕ್ ಹೆಚ್ಚಿಸಬಹುದು. ರೋಗ ಯಾವ ಬಗೆ ಅಂತ ತೀರ್ಮಾನಿಸುವುದು ನನ್ನ ಕೆಲಸ ಅಲ್ಲ. ಮೊಬೈಲಿನಲ್ಲಿ ಒಂದು ವಿಡಿಯೋ ಮಾಡಿಕೊಂಡು ನರರೋಗ ತಜ್ಞರಿಗೆ ತೋರಿಸಿ ಅಂದೆ. ತೋರಿಸಿದರು, ಮಾತ್ರೆ ಬದಲಾಯಿತು. ಇದನ್ನು ಕೇಳಿದ ಅಮ್ಮನ ಮುಖ ನೋಡಲಾಗಲಿಲ್ಲ. ಒಂದು ವರ್ಷ ಬೈದದ್ದೆಲ್ಲ ನೆನಪಾಗಿರಬೇಕು.

ಇನ್ನೊಂದು ಗುಟ್ಟೂ ಹೊರಬಂತು. ಬೆಳಗಿನ ಮಾತ್ರೆ ತಗೊಂಡರೆ ತರಗತಿಯಲ್ಲಿ ತೂಕಡಿಕೆ ಬರುತ್ತದೆ ಅಂತ ವಾರಕ್ಕೆ ಎರಡು ಮೂರು ದಿನ ಬಿಡುತ್ತಿದ್ದಳು. ಅದರ ಮೇಲೆ ಪರೀಕ್ಷೆ ಅಂತ ರಾತ್ರಿ ಒಂದು ಗಂಟೆವರೆಗೆ ಓದು. ಬೈಯಲಿಲ್ಲ ನಾನು. ಮಾತ್ರೆ ತಪ್ಪುವುದು, ನಿದ್ದೆ ಕೆಡುವುದು, ಇವೆರಡೂ ಫಿಟ್ಸ್‌ಗೆ ದಾರಿ, ಮಾತ್ರೆ ಏಕಾಏಕಿ ನಿಲ್ಲಿಸಿದರೆ ಫಿಟ್ಸ್ ನಿಲ್ಲದೆ ಬರುವ ಅಪಾಯವೂ ಇದೆ ಅಂತ ಹೇಳಿದೆ. ತೂಕಡಿಕೆ ಅಂದರೆ ಡಾಕ್ಟರಿಗೆ ಹೇಳು, ಹೊತ್ತು ಬದಲಿಸಬಹುದು, ಪ್ರಮಾಣ ಬದಲಿಸಬಹುದು. ನೀನೇ ಬಿಡಬೇಡ.

ಶಾಲೆಯವರ ಜೊತೆ ಮಾತಾಡುವಾಗ ಅವಳೂ ಕೂತಿದ್ದಳು. ಅವಳ ಬೆನ್ನ ಹಿಂದೆ ದೊಡ್ಡವರು ತೀರ್ಮಾನ ಮಾಡುವುದು ನನಗೆ ಹಿಡಿಸುವುದಿಲ್ಲ. ಒಂದು ಹಾಳೆಯಲ್ಲಿ ಬರೆದುಕೊಟ್ಟೆವು: ಬಿದ್ದರೆ ಸುತ್ತ ಇರುವ ಬೆಂಚು, ಚೂಪಾದ್ದು ಸರಿಸಿ, ತಲೆಯ ಕೆಳಗೆ ಮೆತ್ತಗಿನದ್ದು ಇಡಿ, ಗಡಿಯಾರ ನೋಡಿ. ಕೈಕಾಲು ಅದುಮಿ ಹಿಡಿಯಬೇಡಿ, ಬಾಯಿಗೆ ಏನೂ ಹಾಕಬೇಡಿ, ನಾಲಿಗೆ ನುಂಗಿಬಿಡುತ್ತಾಳೆ ಅನ್ನುವುದು ಸುಳ್ಳು. ಅದುರುವುದು ನಿಂತ ಮೇಲೆ ಒಂದು ಮಗ್ಗುಲಿಗೆ ಹೊರಳಿಸಿ ಮಲಗಿಸಿ. ಐದು ನಿಮಿಷ ದಾಟಿದರೆ, ಎಚ್ಚರವಾಗದೆ ಮತ್ತೆ ಬಂದರೆ, ಉಸಿರಾಟ ಸರಿಯಿಲ್ಲದಿದ್ದರೆ, ಪೆಟ್ಟಾಗಿದ್ದರೆ ಆಂಬುಲೆನ್ಸ್. ಪೂರ್ತಿ ಎಚ್ಚರವಾಗುವವರೆಗೆ ಒಬ್ಬರು ಪಕ್ಕದಲ್ಲಿರಿ, ಉಳಿದವರನ್ನು ಹೊರಗೆ ಕಳಿಸಿ. ಕೊನೆಯ ಸಾಲು ಅವಳೇ ಸೇರಿಸಿದ್ದು. ಒಂದು ಜೊತೆ ಬಟ್ಟೆ ಟೀಚರ್ ರೂಮಿನಲ್ಲಿ ಇಟ್ಟಳು.

ಡ್ಯಾನ್ಸ್ ಬಿಡಿಸಬೇಕು ಅಂತ ಅಮ್ಮನ ಹಟ, ವೇದಿಕೆಯ ಮಿಣುಕು ಲೈಟಿಗೆ ಹೆದರಿ. ಮಿಣುಕು ಬೆಳಕಿಗೆ ಫಿಟ್ಸ್ ಬರುವುದು ಈ ರೋಗ ಇರುವ 100 ಜನರಲ್ಲಿ ಸುಮಾರು 3 ಜನಕ್ಕೆ. ಆದರೆ ಇವಳದ್ದು ಅಂಥ ಬಗೆಯೇ ಇರಬಹುದಲ್ವಾ, ಹಾಗಾಗಿ ಇಇಜಿಯಲ್ಲಿ (ಮೆದುಳಿನ ವಿದ್ಯುತ್ ಚಟುವಟಿಕೆ ನೋಡುವ ಪರೀಕ್ಷೆ) ಏನು ಬಂದಿದೆ ಕೇಳಿಕೊಂಡು ಬನ್ನಿ ಅಂದೆ. ಅಂಥದ್ದೇನೂ ಇರಲಿಲ್ಲ, ಡ್ಯಾನ್ಸ್ ಉಳಿಯಿತು. ಈಜು ಮಾತ್ರ ಪಕ್ಕದಲ್ಲಿ ಕಣ್ಣಿಟ್ಟು ನೋಡುವವರಿದ್ದರೆ ಸರಿ. ಬಚ್ಚಲ ಚಿಲಕಕ್ಕೆ ದೊಡ್ಡ ಜಗಳವೇ ಆಗಿತ್ತು. ಚಿಲಕ ಹಾಕುವಂತಿಲ್ಲ, ಬದಲಿಗೆ ಬಾಗಿಲಿಗೆ "ಒಳಗಿದ್ದೇನೆ" ಅಂತ ಬೋರ್ಡು, ಅದು ನೇತಾಡುತ್ತಿದ್ದರೆ ಅಮ್ಮನೂ ಬಾಗಿಲು ತಟ್ಟದೆ ತಳ್ಳುವಂತಿಲ್ಲ. ಇಬ್ಬರೂ ಮುಖ ಊದಿಸಿಕೊಂಡೇ ಒಪ್ಪಿದರು.

ಮೂರು ತಿಂಗಳ ಮೇಲೆ ಶಾಲೆಯಲ್ಲಿ ಮತ್ತೊಂದು ಸಲ ಬಂತು. ನನಗೆ ಒಳಗೊಳಗೇ ಹೆದರಿಕೆ, ಮತ್ತೆ ಮನೆ ಹಿಡಿಯುತ್ತಾಳೇನೋ ಅಂತ. ಮೂರನೇ ದಿನ ಬಂದಳು, ಸಿಟ್ಟಿನಲ್ಲಿ. ಗೆಳತಿ ಗಡಿಯಾರ ನೋಡಿದ್ದಳಂತೆ, ಒಂದು ನಿಮಿಷ ಐವತ್ತು ಸೆಕೆಂಡ್. ಸಿಟ್ಟು ಅದಕ್ಕಲ್ಲ. ತಲೆ ಇನ್ನೂ ಮಂಕಾಗಿರುವಾಗಲೇ ಮರುದಿನ ಗಣಿತದ ಟೆಸ್ಟಿಗೆ ಕೂರಿಸಿದ್ದರು. ಆ ಹಾಳೆಗೆ ಇನ್ನೊಂದು ಸಾಲು ಸೇರಿಸಿ ಶಾಲೆಗೆ ಕಳಿಸಿದೆವು: ಫಿಟ್ಸ್ ಬಂದರೆ ಟೆಸ್ಟ್ ಎರಡು ದಿನ ಮುಂದಕ್ಕೆ.