ಆಸ್ಪತ್ರೆಯ ನಂಬಿಕೆ, ಶಾಲಿನಿಯ ನಿರ್ಧಾರ

(ಗುರುತು ಸಿಗದಂತೆ ಹೆಸರು, ಊರು, ಕೆಲಸದ ವಿವರ ಬದಲಿಸಿದ್ದೇನೆ. ಬರೆಯಲು ಅವರ ಒಪ್ಪಿಗೆ ಇದೆ.)

ಶಾಲಿನಿಯವರಿಗೆ 31 ವರ್ಷ. ಹಾಸನದ ಕಡೆಯವರು. ಅಮೆರಿಕದ ಮಧ್ಯಪಶ್ಚಿಮ ಭಾಗದ ಒಂದು ಕ್ಯಾಥೊಲಿಕ್ ಆಸ್ಪತ್ರೆಯ ಲ್ಯಾಬ್‌ನಲ್ಲಿ ಕೆಲಸ. ಗಂಡ ಎಚ್-1ಬಿ ವೀಸಾದಲ್ಲಿ ಒಂದು ಕನ್ಸಲ್ಟಿಂಗ್ ಕಂಪನಿಯಲ್ಲಿದ್ದಾರೆ. ಆ ಕಂಪನಿಯ ಕುಟುಂಬ ವಿಮೆಯ ಕಂತು ದುಬಾರಿ ಎಂದು ಮನೆಯವರೆಲ್ಲ ಆಸ್ಪತ್ರೆಯ ವಿಮೆಗೇ ಸೇರಿದ್ದರು. ಮಗುವಿಗೆ ಹತ್ತು ತಿಂಗಳು, ಇನ್ನೂ ಎದೆಹಾಲು ಬಿಟ್ಟಿಲ್ಲ. ಬಸುರಿನ ಕೊನೆಯಲ್ಲಿ ಬಿಪಿ ಏರಿ, ದಿನ ತುಂಬುವ ಮೊದಲೇ ಸಿಸೇರಿಯನ್ ಮಾಡಬೇಕಾಗಿ ಬಂದಿತ್ತು. ಇನ್ನೊಂದು ಬಸುರಿಗೆ ಒಂದೂವರೆ ವರ್ಷವಾದರೂ ಅಂತರವಿರಲಿ ಎಂದ ವೈದ್ಯೆ ಕಾಪರ್-ಟಿ ಸೂಚಿಸಿದ್ದರು. ನಮ್ಮ ಹಳ್ಳಿಗಳಲ್ಲಿ ‘ವಂಕಿ’ ಎನ್ನುತ್ತಾರಲ್ಲ, ಅದೇ.

ಅಲ್ಲಿನ ಹೆಚ್ಚಿನ ವಿಮೆಗಳಲ್ಲಿ ಇದಕ್ಕೆ ಕೈಯಿಂದ ಏನೂ ಕೊಡಬೇಕಿಲ್ಲ. ಶಾಲಿನಿಯವರಿಗೆ ಮಾತ್ರ, ಉದ್ಯೋಗದಾತರ ಧಾರ್ಮಿಕ ಆಕ್ಷೇಪದ ಕಾರಣ ಈ ಸೇವೆ ವಿಮೆಯಲ್ಲಿ ಇಲ್ಲ ಎಂಬ ಉತ್ತರ ಬಂತು. ಸ್ವಂತ ಖರ್ಚಿನಲ್ಲಿ ಹಾಕಿಸಿಕೊಂಡರೆ 1,000 ಡಾಲರಿಗೂ ಮೇಲೆ.

“ನಾನು ಕ್ರೈಸ್ತಳೇ ಅಲ್ಲ ಮೇಡಂ. ಅವರ ನಂಬಿಕೆಗೂ ನನ್ನ ಹೊಟ್ಟೆಗೂ ಏನು ಸಂಬಂಧ?” ಎಂದು ಆಪ್ತಸಲಹೆಗೆ ನನ್ನ ಬಳಿ ಬಂದ ಶಾಲಿನಿ ಸಿಟ್ಟಿನಿಂದಲೇ ಮಾತು ಶುರುಮಾಡಿದರು. ಆಮೇಲೆ ದನಿ ಇಳಿಯಿತು. “ಮಗು ಎನ್‌ಐಸಿಯುನಲ್ಲಿ (ನವಜಾತ ಶಿಶುಗಳ ತೀವ್ರ ನಿಗಾ ಘಟಕ) ಇದ್ದಾಗ ಅಲ್ಲಿನ ಸಿಸ್ಟರ್ (ಕ್ರೈಸ್ತ ಸನ್ಯಾಸಿನಿ) ಒಬ್ರು ದಿನಾ ಬಂದು ನನ್ನ ಪಕ್ಕ ಕೂರ್ತಿದ್ರು. ಅವರ ಉಪ್ಪು ತಿಂದು ಅವರ ಮೇಲೇ ಸಿಟ್ಟಾಗೋದು ಪಾಪ ಅಲ್ವಾ?”

ಕೃತಜ್ಞತೆಯೂ ಸಿಟ್ಟೂ ಒಟ್ಟಿಗೇ ಇರಬಹುದು, ಒಂದನ್ನು ಉಳಿಸಿಕೊಳ್ಳಲು ಇನ್ನೊಂದನ್ನು ನುಂಗಬೇಕಿಲ್ಲ ಎಂದೆ. ಆಮೇಲೆ ಕಾನೂನಿನ ಹಿನ್ನೆಲೆ ವಿವರಿಸಿದೆ. ಆಪ್ತಸಲಹೆಯಲ್ಲಿ ಕೋರ್ಟಿನ ಕಥೆ ಯಾಕೆ ಎನಿಸಬಹುದು. ಎಚ್ಆರ್‌ನಲ್ಲಿರುವ ಯಾರೋ ತಮ್ಮ ಮೇಲೆ ಕಣ್ಣಿಟ್ಟೇ ಹೀಗೆ ಮಾಡಿದ್ದಾರೆ, ಪ್ರಶ್ನೆ ಕೇಳಿದರೆ ಕೆಲಸಕ್ಕೇ ಕುತ್ತು ಎಂದು ಶಾಲಿನಿ ನಂಬಿಕೊಂಡಿದ್ದರು. ಆ ಭಯ ಹೋಗಬೇಕಿದ್ದರೆ ವಿಷಯ ಗೊತ್ತಿರಬೇಕಿತ್ತು.

2010ರಲ್ಲಿ ಒಬಾಮಾ ಸರ್ಕಾರ ತಂದ ಆರೋಗ್ಯ ಕಾಯ್ದೆಯ ಪ್ರಕಾರ ರೋಗ ತಡೆಯುವ ಸೇವೆಗಳನ್ನು ವಿಮೆ ಉಚಿತವಾಗಿ ಕೊಡಬೇಕು. 2011ರ ಮಾರ್ಗಸೂಚಿ ಗರ್ಭನಿರೋಧಕಗಳನ್ನೂ ಆ ಪಟ್ಟಿಗೆ ಸೇರಿಸಿತು. ಚರ್ಚುಗಳಿಗೆ ಮೊದಲಿನಿಂದಲೂ ವಿನಾಯಿತಿ ಇತ್ತು. ಧಾರ್ಮಿಕ ಆಸ್ಪತ್ರೆ, ಕಾಲೇಜುಗಳಿಗೆ ನಡುವಿನ ಒಂದು ದಾರಿ ಸಿಕ್ಕಿತು: ಆಕ್ಷೇಪ ಇದೆ ಎಂದು ಸಂಸ್ಥೆ ಬರೆದುಕೊಟ್ಟರೆ ಸಾಕು, ವಿಮಾ ಕಂಪನಿಯೇ ಬೇರೆಯಾಗಿ ಹಣ ಭರಿಸಿ ಉದ್ಯೋಗಿಗೆ ಸೇವೆ ಕೊಡುತ್ತದೆ. ಹಾಗೆ ಬರೆದುಕೊಡುವುದೂ ಪಾಪದಲ್ಲಿ ಪಾಲು ಪಡೆದಂತೆ ಎಂದು ಕೆಲವು ಸಂಸ್ಥೆಗಳು ಕೋರ್ಟಿಗೆ ಹೋದವು. 2014ರಲ್ಲಿ ಹಾಬಿ ಲಾಬಿ ಎಂಬ ಕರಕುಶಲ ವಸ್ತುಗಳ ಅಂಗಡಿ ಸರಣಿಯ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 5-4ರ ಬಹುಮತದಿಂದ ಕುಟುಂಬದ ಹಿಡಿತದಲ್ಲಿರುವ ಖಾಸಗಿ ಕಂಪನಿಗಳಿಗೂ ಧಾರ್ಮಿಕ ಆಕ್ಷೇಪದ ಹಕ್ಕು ಕೊಟ್ಟಿತು. ಕನಿಷ್ಠ ಕೂಲಿಯವರಿಗೆ ಗರ್ಭಕೋಶದೊಳಗಿಡುವ ಸಾಧನದ ಬೆಲೆ ಹೆಚ್ಚುಕಡಿಮೆ ಒಂದು ತಿಂಗಳ ಪೂರ್ಣಾವಧಿ ದುಡಿಮೆಗೆ ಸಮ ಎಂದು ನ್ಯಾಯಮೂರ್ತಿ ರೂತ್ ಬೇಡರ್ ಗಿನ್ಸ್‌ಬರ್ಗ್ ಭಿನ್ನಮತದ ತೀರ್ಪಿನಲ್ಲಿ ಬರೆದರು. ಟ್ರಂಪ್ ಸರ್ಕಾರ 2018ರಲ್ಲಿ ವಿನಾಯಿತಿಯನ್ನು ಇನ್ನಷ್ಟು ಅಗಲಿಸಿ, ಆ ನಡುವಿನ ದಾರಿಯನ್ನು ಸಂಸ್ಥೆಯ ಇಷ್ಟಕ್ಕೆ ಬಿಟ್ಟಿತು. 2020ರಲ್ಲಿ ಸುಪ್ರೀಂ ಕೋರ್ಟ್ ಆ ನಿಯಮಗಳ ಪರವಾಗಿ 7-2ರ ತೀರ್ಪು ಕೊಟ್ಟಿತು. ವ್ಯಾಜ್ಯ ಅಲ್ಲಿಗೂ ನಿಲ್ಲಲಿಲ್ಲ. ಶಾಲಿನಿಯವರ ಆಸ್ಪತ್ರೆ ಪೂರ್ತಿ ವಿನಾಯಿತಿಯನ್ನೇ ಆರಿಸಿಕೊಂಡಿತ್ತು.

ಆ ಸಿಸ್ಟರ್‌ಗಳ ನಂಬಿಕೆ ನಾಟಕವಲ್ಲ ಎಂದೂ ಹೇಳಿದೆ. 1968ರಲ್ಲಿ ಪೋಪ್ ಆರನೇ ಪೌಲ್ ಕೃತಕ ಗರ್ಭನಿರೋಧವನ್ನು ತಿರಸ್ಕರಿಸಿ ಹೊರಡಿಸಿದ ಪತ್ರವನ್ನು ಅವರು ಇಂದಿಗೂ ನಿಷ್ಠೆಯಿಂದ ಪಾಲಿಸುತ್ತಾರೆ. ಅದನ್ನು ನಾನು ಗೌರವಿಸುತ್ತೇನೆ. ಆದರೆ ವಿಮೆ ಸಂಸ್ಥೆ ಕೊಡುವ ದಾನವಲ್ಲ, ದುಡಿದ ಸಂಬಳದ ಒಂದು ಭಾಗ. ಬೇರೊಬ್ಬರು ತಮ್ಮ ದುಡಿಮೆಯಿಂದ ಏನು ಪಡೆಯಬೇಕು ಎಂಬಲ್ಲಿಗೆ ಸಂಸ್ಥೆಯ ಆತ್ಮಸಾಕ್ಷಿ ಬಂದು ನಿಲ್ಲಬಾರದು ಎಂಬುದು ನನ್ನ ನಿಲುವು. ಮೈಸೂರು ಸಂಸ್ಥಾನದ ಸರ್ಕಾರವೇ 1930ರಲ್ಲಿ ಸಂತಾನ ನಿಯಂತ್ರಣದ ಕ್ಲಿನಿಕ್ ತೆರೆಯಲು ಮುಂದಾಗಿತ್ತು. ಇವತ್ತಿಗೂ ನಮ್ಮ ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ಕಾಪರ್-ಟಿ ಉಚಿತ. ಹಾಸನದಲ್ಲಿ ಬೆಳೆದ ಹೆಣ್ಣುಮಗಳಿಗೆ ಅಮೆರಿಕದಲ್ಲಿ ಇದು ಸಿಗದೆ ಹೋದದ್ದು ಅವಮಾನ ಅನ್ನಿಸಿದ್ದರಲ್ಲಿ ಆಶ್ಚರ್ಯವಿಲ್ಲ.

ಇಷ್ಟು ಮಾತಾದ ಮೇಲೆ ನಿಜವಾದ ನೋವು ಹೊರಬಂತು. ಇಬ್ಬರೂ ಕಾಂಡೋಮ್ ನಂಬಿಕೊಂಡಿದ್ದರು. ಪ್ರತಿ ತಿಂಗಳೂ ಮುಟ್ಟು ಎರಡು ದಿನ ತಡವಾದರೆ ಶಾಲಿನಿಯವರಿಗೆ ನಿದ್ದೆಯಿಲ್ಲ. ಆಪರೇಷನ್ ಥಿಯೇಟರಿನ ದೀಪ, ಏರುತ್ತಿದ್ದ ಬಿಪಿಯ ಅಂಕಿ ಕಣ್ಣಮುಂದೆ ಬರುತ್ತಿದ್ದವು. ಮಗು ಏಳುತ್ತದೆ ಎಂಬ ನೆಪದಲ್ಲಿ ಬೇರೆ ಕೋಣೆಯಲ್ಲಿ ಮಲಗತೊಡಗಿದ್ದರು. ಹೆರಿಗೆಯಾದ ಮೇಲೆ ಹೆಂಡತಿಗೆ ತನ್ನ ಮೇಲೆ ಮನಸ್ಸಿಲ್ಲ ಎಂದು ಗಂಡ ಅಂದುಕೊಂಡರು. ದುಡ್ಡಿನ ಮಾತು ಬಂದಾಗ ಅವರು “ಅದು ನಿನ್ನ ಆಸ್ಪತ್ರೆ, ನಿನ್ನ ವಿಷಯ, ನೀನೇ ನೋಡ್ಕೋ” ಎಂದದ್ದು ವಿಮೆಯ ನಿರಾಕರಣೆಗಿಂತ ಹೆಚ್ಚು ಚುಚ್ಚಿತ್ತು. ಇದರ ಮೇಲೆ ಊರಿಂದ ಅತ್ತೆ: “ಒಂದರ ಹಿಂದೆ ಒಂದು ಆಗ್ಬಿಟ್ರೆ ಕಷ್ಟ ಒಂದೇ ಸಲಕ್ಕೆ ಮುಗೀತದೆ.” ಆಸ್ಪತ್ರೆ, ಗಂಡ, ಅತ್ತೆ ಮೂವರೂ ತಮ್ಮ ದೇಹದ ಬಗ್ಗೆ ತೀರ್ಮಾನ ಮಾಡಿ ಮುಗಿಸಿದ್ದಾರೆ ಅನ್ನಿಸುತ್ತದೆ ಎಂದು ಹೇಳಿ ಅತ್ತರು.

ನಾನು ಕೊಟ್ಟ ಮೊದಲ ಸಲಹೆ, ಎರಡು ಪ್ರಶ್ನೆಗಳನ್ನು ಬೇರೆ ಮಾಡಿಕೊಳ್ಳಿ ಎಂಬುದು. ಆಸ್ಪತ್ರೆ ಮಾಡಿದ್ದು ನ್ಯಾಯವೇ ಎಂಬುದು ಒಂದು. ಈ ತಿಂಗಳು ನನಗೆ ಯಾವ ರಕ್ಷಣೆ ಬೇಕು ಎಂಬುದು ಇನ್ನೊಂದು. ಮೊದಲನೆಯದಕ್ಕೆ ವರ್ಷಗಳು ಹಿಡಿದಾವು. ಎರಡನೆಯದು ಅದಕ್ಕಾಗಿ ಕಾಯುವಂತಿಲ್ಲ.

ವೈದ್ಯರೊಂದಿಗೆ ಮಾತಾಡಲು ಕೆಲವು ವಿಷಯ ಬರೆದುಕೊಟ್ಟೆ. ಊರಿಂದ ಗೆಳತಿ ತಂದುಕೊಟ್ಟ ಮಾತ್ರೆಯ ಪೊಟ್ಟಣ ಅವರ ಬಳಿ ಇತ್ತು. ಅದರಲ್ಲಿ ಈಸ್ಟ್ರೊಜೆನ್ ಹಾರ್ಮೋನ್ ಇದೆ. ಬಿಪಿ ಏರಿದ ಇತಿಹಾಸವಿದ್ದು ಹಾಲೂಡಿಸುತ್ತಿರುವಾಗ ವೈದ್ಯರನ್ನು ಕೇಳದೆ ನುಂಗಬೇಡಿ ಎಂದೆ. ಪ್ರೊಜೆಸ್ಟಿನ್ ಎಂಬ ಹಾರ್ಮೋನ್ ಮಾತ್ರ ಇರುವ ‘ಓಪಿಲ್’ ಮಾತ್ರೆ 2024ರಿಂದ ಅಲ್ಲಿನ ಅಂಗಡಿಗಳಲ್ಲಿ ಚೀಟಿಯಿಲ್ಲದೆ ಸಿಗುತ್ತದೆ, ತಯಾರಕರು ಸೂಚಿಸಿದ ಬೆಲೆ ತಿಂಗಳಿಗೆ 19.99 ಡಾಲರ್. ಆದರೆ ದಿನವೂ ಅದೇ ಹೊತ್ತಿಗೆ ತಗೊಳ್ಳಬೇಕು, ಮೂರು ಗಂಟೆ ತಡವಾದರೂ ರಕ್ಷಣೆ ಕುಗ್ಗುತ್ತದೆ. ದಿನನಿತ್ಯದ ಬಳಕೆಯಲ್ಲಿ ವರ್ಷಕ್ಕೆ 100 ಮಹಿಳೆಯರಲ್ಲಿ ಕಾಂಡೋಮ್ ನಂಬಿದ ಸುಮಾರು 13, ಮಾತ್ರೆ ನಂಬಿದ ಸುಮಾರು 7 ಮಂದಿ ಬಸುರಾಗುತ್ತಾರೆ. ಕಾಪರ್-ಟಿಯಲ್ಲಿ ಅದು ಒಂದಕ್ಕಿಂತ ಕಡಿಮೆ. ಅವರ ಭಯಕ್ಕೆ ಆಧಾರವಿತ್ತು, ಅದನ್ನು ‘ಅತಿಯೋಚನೆ’ ಎಂದು ತಳ್ಳಿಹಾಕುವಂತಿರಲಿಲ್ಲ.

ಹಣದ ದಾರಿಗಳೂ ಇದ್ದವು. 1970ರಿಂದ ನಡೆಯುತ್ತಿರುವ ‘ಟೈಟಲ್ ಟೆನ್’ ಎಂಬ ಅಮೆರಿಕದ ಕೇಂದ್ರ ಸರ್ಕಾರದ ಯೋಜನೆಯ ನೆರವು ಪಡೆವ ಕ್ಲಿನಿಕ್‌ಗಳಲ್ಲಿ ಆದಾಯ ನೋಡಿ ಶುಲ್ಕ ಹಾಕುತ್ತಾರೆ. ನವೆಂಬರಿನಲ್ಲಿ ಗಂಡನ ಕಂಪನಿಯ ವಿಮೆಗೆ ಸೇರುವ ಅವಕಾಶ ತೆರೆಯುವುದಿತ್ತು. ಎಚ್ಆರ್‌ಗೆ ಒಂದು ಪ್ರಶ್ನೆಯನ್ನು ಬರವಣಿಗೆಯಲ್ಲೇ ಕೇಳಿ ಎಂದೆ: ಹಾರ್ಮೋನ್ ಮಾತ್ರೆಯನ್ನು ಬೇರೆ ಕಾಯಿಲೆಗೆ ಬರೆದುಕೊಟ್ಟರೆ ವಿಮೆ ಕೊಡುತ್ತದೆಯೇ? ಚಿಕಿತ್ಸೆಗಾಗಿ ಕೊಡುವುದನ್ನು ಕ್ಯಾಥೊಲಿಕ್ ಬೋಧನೆಯೂ ತಡೆಯುವುದಿಲ್ಲ. ಶಾಲಿನಿಯವರಿಗೆ ಅದರ ಅಗತ್ಯ ಬೀಳಲಿಲ್ಲ, ಆದರೆ ಪಿಸಿಒಎಸ್ ಎಂಬ ಹಾರ್ಮೋನ್ ಏರುಪೇರಿನ ತೊಂದರೆ ಇರುವ ಅವರ ಸಹೋದ್ಯೋಗಿಗೆ ಆ ಉತ್ತರ ಉಪಯೋಗಕ್ಕೆ ಬಂತು.

ಮುಂದಿನ ಭೇಟಿಗೆ ಗಂಡನೂ ಬಂದರು. ಬೇರೆ ಕೋಣೆಯ ಕಾರಣ ಕೇಳಿ ಬಹಳ ಹೊತ್ತು ಸುಮ್ಮನಿದ್ದರು. ಮಗು ಇಬ್ಬರದೂ ಆದಮೇಲೆ ಅಂತರದ ಖರ್ಚೂ ಇಬ್ಬರದು ಎಂದು ನಾನು ನೇರವಾಗಿಯೇ ಹೇಳಿದೆ. ಅವರ ಕಂಪನಿಯ ವಿಮೆಯ ಹೆಚ್ಚುವರಿ ಕಂತನ್ನು ಲೆಕ್ಕ ಹಾಕಿ ಮೂವರನ್ನೂ ಅದಕ್ಕೆ ಸೇರಿಸಲು ಒಪ್ಪಿದರು. ಅಲ್ಲಿಯವರೆಗೆ ವೈದ್ಯೆಯ ಒಪ್ಪಿಗೆ ಪಡೆದು ಓಪಿಲ್ ಶುರುವಾಯಿತು. ಜನವರಿಯಲ್ಲಿ ಹೊಸ ವಿಮೆ ಜಾರಿಯಾದ ಮೇಲೆ ಶಾಲಿನಿ ಕಾಪರ್-ಟಿ ಹಾಕಿಸಿಕೊಂಡರು. ಆ ನಡುವಿನ ದಾರಿಯನ್ನಾದರೂ ಒಪ್ಪಿಕೊಳ್ಳಿ ಎಂದು ಆಸ್ಪತ್ರೆಯ ಆಡಳಿತಕ್ಕೆ, ಎನ್‌ಐಸಿಯುನ ದಿನಗಳನ್ನೂ ನೆನೆದು, ಸೌಜನ್ಯದ ಪತ್ರ ಬರೆದಿದ್ದಾರೆ. ಉತ್ತರ ಇನ್ನೂ ಬಂದಿಲ್ಲ.

ಅತ್ತೆಗೆ ಉತ್ತರ ಕೊಡುವ ಕೆಲಸ ಸೊಸೆಯ ಪಾಲಿಗೆ ಬರಬಾರದು, ಮಗನೇ ಮಾತಾಡಲಿ ಎಂದಿದ್ದೆ. ಹೆರಿಗೆಯಲ್ಲಿ ಬಿಪಿ ಎಷ್ಟಕ್ಕೆ ಏರಿತ್ತು ಎಂಬುದನ್ನು ಅವರು ತಾಯಿಗೆ ಅದುವರೆಗೂ ಹೇಳಿರಲಿಲ್ಲವಂತೆ. ಈಗ ಹೇಳಿದ್ದಾರೆ.