ಹಂದಿಗೆ ಹಾಕಿದ ಉರುಳು ಯಾರ ಕೊರಳಿಗೆ?

ಬೇಟೆ, ಉರುಳು, ಬೆಳೆಹಾನಿ ಬಗ್ಗೆ ದಾವಣಗೆರೆ, ಚಿತ್ರದುರ್ಗ ಜಿಲ್ಲೆಗಳ ಓದುಗರು ಕೇಳಿದ ಪ್ರಶ್ನೆಗಳಿಗೆ ಈ ಸಲದ ಉತ್ತರ.

ಪ್ರಶ್ನೆ: ಸರ್, ನಮ್ಮದು ಕಾಡಿನ ಅಂಚಿನ ಹೊಲ. ಮೆಕ್ಕೆಜೋಳ ಹಾಲುಗಾಳಿಗೆ ಬಂತು ಅಂದ್ರೆ ಸಾಕು, ಹಂದಿ ಹಿಂಡು ರಾತ್ರಿ ನುಗ್ಗಿ ಎಲ್ಲಾ ನೆಲಕ್ಕೆ ಹಾಕುತ್ತೆ. ಕೇರಳದಲ್ಲಿ ಪಂಚಾಯ್ತಿಯವರೇ ಹಂದಿ ಹೊಡೆಯಲು ಅನುಮತಿ ಕೊಡ್ತಾರಂತೆ. ನಮ್ಮ ಸರ್ಕಾರ ಯಾಕೆ ಅಂಥ ಕಾನೂನು ಮಾಡಬಾರದು? ಅಲ್ಲಿವರೆಗೆ ನಾವು ಒಂದೆರಡು ಉರುಳು ಹಾಕಿಕೊಂಡರೆ ತಪ್ಪೇನು?
— ರೈತರೊಬ್ಬರು, ಹೊಳಲ್ಕೆರೆ ತಾಲ್ಲೂಕು

ಉತ್ತರ: ಯಜಮಾನರೇ, ನಿಮ್ಮ ಸಿಟ್ಟು ನ್ಯಾಯವಾದದ್ದೇ. ಹಂದಿ ತಿನ್ನುವುದಕ್ಕಿಂತ ಮುರಿದು ಹಾಕುವುದೇ ಜಾಸ್ತಿ. ದಂಟನ್ನು ಮೈಯಿಂದ ಅದುಮಿ ಬೀಳಿಸುತ್ತೆ, ತೆನೆಯ ಒಂದು ಮಗ್ಗುಲು ಕಚ್ಚುತ್ತೆ, ಅಲ್ಲೇ ಬಿಟ್ಟು ಮುಂದಿನ ಸಾಲಿಗೆ ಹೋಗುತ್ತೆ. ಬೆಳಿಗ್ಗೆ ಆ ಹೊಲ ನೋಡಿದವರಿಗೆ ಹೊಟ್ಟೆ ಉರಿಯದೇ ಇರುತ್ತಾ? ಆದರೂ ಉರುಳಿನ ಮಾತಿಗೆ ನನ್ನ ಉತ್ತರ ಖಡಾಖಂಡಿತ: ಹಾಕಬೇಡಿ.

ಮೊದಲು ಕೇರಳದ ವಿಷಯ ನೋಡೋಣ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ 11ನೇ ಸೆಕ್ಷನ್‌ನಲ್ಲಿ ಒಂದು ದಾರಿ ಇದೆ. ಕಾಡುಹಂದಿಯಂಥ 2ನೇ ಅನುಸೂಚಿಯ (ಕಾಯ್ದೆಯ ಕೊನೆಯಲ್ಲಿರುವ ರಕ್ಷಿತ ಪ್ರಾಣಿಗಳ ಎರಡನೇ ಪಟ್ಟಿಯ) ಪ್ರಾಣಿ ಜನರಿಗೆ, ಆಸ್ತಿಗೆ, ನಿಂತ ಬೆಳೆಗೆ ಅಪಾಯ ತಂದರೆ ಮುಖ್ಯ ವನ್ಯಜೀವಿ ಪರಿಪಾಲಕರು ಅಥವಾ ಅವರಿಂದ ಅಧಿಕಾರ ಪಡೆದ ಅಧಿಕಾರಿ ಕಾರಣ ಬರೆದು ಅದನ್ನು ಕೊಲ್ಲಲು ಅನುಮತಿ ಕೊಡಬಹುದು. ಕೇರಳ 2022ರಲ್ಲಿ ಮಾಡಿದ್ದು ಇಷ್ಟೇ, ಆ ಅಧಿಕಾರವನ್ನು ಸ್ಥಳೀಯ ಸಂಸ್ಥೆಗಳ ಮುಖ್ಯಸ್ಥರ ಕೈಗೂ ಕೊಟ್ಟಿತು. ಅಲ್ಲೂ ಯಾರು ಬೇಕಾದರೂ ಹೊಡೆಯುವ ಹಾಗಿಲ್ಲ. ವಿಷ, ಸಿಡಿಮದ್ದು, ಕರೆಂಟ್ ಬಳಸುವಂತಿಲ್ಲ. ಸತ್ತ ಹಂದಿಯನ್ನು ಹೂಳಬೇಕು, ಮಾಂಸ ಹಂಚಿಕೊಳ್ಳುವಂತಿಲ್ಲ.

ಇನ್ನು ಹಂದಿಯನ್ನು ಉಪದ್ರವಕಾರಿ ಪ್ರಾಣಿ, ಅಂದರೆ ಬೇಟೆಯಿಂದ ಕಾನೂನಿನ ರಕ್ಷಣೆ ಇಲ್ಲದ ಪ್ರಾಣಿ, ಅಂತ ಘೋಷಿಸುವುದು ಬೇರೆ ಮಾತು. ಅದು 62ನೇ ಸೆಕ್ಷನ್, ಆ ಅಧಿಕಾರ ಕೇಂದ್ರದ್ದು. 2015ರ ಕೊನೆಯಲ್ಲಿ ಬಿಹಾರಕ್ಕೆ, 2016ರಲ್ಲಿ ಉತ್ತರಾಖಂಡಕ್ಕೆ ಕೆಲವೇ ಜಿಲ್ಲೆಗಳಿಗೆ ಸೀಮಿತವಾಗಿ, ಅದೂ ಒಂದು ವರ್ಷದ ಮಟ್ಟಿಗೆ ಹಾಗೆ ಘೋಷಿಸಿತ್ತು. ನಮ್ಮ ಸರ್ಕಾರವೇ ಕಾನೂನು ಮಾಡಬಾರದೇ ಅಂದಿರಲ್ಲ, ಸಂವಿಧಾನದಲ್ಲಿ ವನ್ಯಜೀವಿ ವಿಷಯ ಮೊದಲು ರಾಜ್ಯಗಳ ಪಟ್ಟಿಯಲ್ಲೇ ಇತ್ತು. ಹಾಗಾಗಿ 1972ರಲ್ಲಿ ಸಂಸತ್ತು ಕಾಯ್ದೆ ಮಾಡಲು ರಾಜ್ಯಗಳ ವಿಧಾನಸಭೆಗಳು ನಿರ್ಣಯ ಮಾಡಿ ಕೇಳಿಕೊಳ್ಳಬೇಕಾಯಿತು. 1976ರ 42ನೇ ತಿದ್ದುಪಡಿಯಲ್ಲಿ ಅದು ಸಮವರ್ತಿ ಪಟ್ಟಿಗೆ ಬಂತು. ಅಂದರೆ ರಾಜ್ಯವೂ ಕಾನೂನು ಮಾಡಬಹುದು, ಆದರೆ ಕೇಂದ್ರದ ಕಾಯ್ದೆಗೆ ಅಡ್ಡ ಬಂದರೆ ರಾಷ್ಟ್ರಪತಿಗಳ ಒಪ್ಪಿಗೆ ಬೇಕು. ನಿಮ್ಮ ಶಾಸಕರನ್ನು ಕೇಳುವುದಿದ್ದರೆ ಹೊಸ ಕಾನೂನು ಬೇಡ, 11ನೇ ಸೆಕ್ಷನ್ನಿನ ಅನುಮತಿ ತಾಲ್ಲೂಕು ಮಟ್ಟದಲ್ಲೇ ಬೇಗ ಸಿಗುವಂತೆ ಮಾಡಿ ಅಂತ ಕೇಳಿ. ಆಗಬಹುದಾದ ಕೆಲಸ ಅದು.

ಈಗ ಉರುಳಿಗೆ ಬರೋಣ. ಬೈಕಿನ ಕ್ಲಚ್ ವೈರಿನ ಕುಣಿಕೆಯನ್ನು ಬೇಲಿಯ ಕಂಡಿಗೆ ಕಟ್ಟುತ್ತಾರೆ ಅಲ್ವಾ, ಅದೇ ಕಂಡಿಯಲ್ಲಿ ಚಿರತೆಯೂ ಬರುತ್ತೆ, ಕರಡಿಯೂ ಬರುತ್ತೆ, ನಿಮ್ಮ ಮನೆ ನಾಯಿಯೂ ನುಸುಳುತ್ತೆ. ಚಿರತೆ ಸಿಕ್ಕಿದರೆ ತಂತಿ ಹೊಟ್ಟೆಯ ಸುತ್ತ ಬಿಗಿಯುತ್ತೆ. ಎಳೆದಷ್ಟೂ ಚರ್ಮದೊಳಗೆ ಇಳಿಯುತ್ತೆ. ತಂತಿ ಕತ್ತರಿಸಿ ಬಿಡಿಸಿದರೂ ಒಳಗಿನ ಪೆಟ್ಟಿಗೆ ಎಷ್ಟೋ ಚಿರತೆ ಸತ್ತಿವೆ. ಕಾನೂನಿನ ಲೆಕ್ಕದಲ್ಲಿ ಉರುಳು ಹಾಕುವುದೂ ಬೇಟೆಯೇ, ಹಾಕಲು ಪ್ರಯತ್ನಿಸುವುದೂ ಬೇಟೆಯೇ. ಹಂದಿಗಾದರೆ 3 ವರ್ಷದವರೆಗೆ ಜೈಲು ಅಥವಾ 1 ಲಕ್ಷ ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ಚಿರತೆ, ಕರಡಿ 1ನೇ ಅನುಸೂಚಿಯವು. ಅವು ಸಿಕ್ಕಿಬಿದ್ದರೆ ಕನಿಷ್ಠ 3 ವರ್ಷ, ಹೆಚ್ಚೆಂದರೆ 7 ವರ್ಷ ಜೈಲು, 25 ಸಾವಿರಕ್ಕೆ ಕಡಿಮೆ ಇಲ್ಲದ ದಂಡ. ‘ನಾನು ಹಾಕಿದ್ದು ಹಂದಿಗೆ’ ಅಂದರೆ ಕೇಸು ತಪ್ಪುತ್ತೆ ಅಂತ ನಂಬಿ ಕೂರಬೇಡಿ.

ಪಂಪ್‌ಸೆಟ್ ಲೈನಿನಿಂದ ನೇರವಾಗಿ ಬೇಲಿಗೆ ಕರೆಂಟ್ ಕೊಡುವುದಂತೂ ಕೊಲೆಗಡುಕ ಕೆಲಸ. ರಾತ್ರಿ ನೀರು ಹಾಯಿಸಲು ಬಂದ ಪಕ್ಕದ ಹೊಲದವನು ಆ ತಂತಿ ತುಳಿದು ಸತ್ತರೆ ಯಾರು ಹೊಣೆ? ಸೋಲಾರ್ ಬೇಲಿ ಹಾಗಲ್ಲ. ಅದು ಬ್ಯಾಟರಿಯಿಂದ ಕ್ಷಣಕ್ಷಣಕ್ಕೆ ಬಿಟ್ಟು ಬಿಟ್ಟು ಶಾಕ್ ಕೊಡುತ್ತೆ, ಪ್ರಾಣಿ ಬೆಚ್ಚಿ ಹಿಂದೆ ಸರಿಯುತ್ತೆ. ಹಂದಿಗೆ ಕೆಳಗಿನ ತಂತಿ ನೆಲಕ್ಕೆ ಹತ್ತಿರ ಇರಬೇಕು, ತಂತಿ ಕೆಳಗೆ ಕಳೆ ಬೆಳೆಯಲು ಬಿಡಬಾರದು. ಕಳೆ ತಾಗಿದರೆ ಶಾಕಿನ ಬಲ ಇಳಿದುಹೋಗುತ್ತೆ. ಇದಕ್ಕೆ ಸಹಾಯಧನ ಎಷ್ಟು ಸಿಗುತ್ತೆ ಅಂತ ವಲಯ ಅರಣ್ಯಾಧಿಕಾರಿ ಕಚೇರಿಯಲ್ಲಿ ವಿಚಾರಿಸಿ.

ಬೆಳೆ ಹಾಳಾದ ದಿನವೇ ಫೋಟೊ ತೆಗೆಯಿರಿ. ಹೆಜ್ಜೆ ಗುರುತು, ಬಿದ್ದ ದಂಟು, ಹೊಲದ ಗುರುತು ಮೂರೂ ಕಾಣಲಿ. ಪಹಣಿ, ಆಧಾರ್, ಪಾಸ್‌ಬುಕ್ ಜೆರಾಕ್ಸ್ ಜೊತೆ ಬೆಳೆ ಪರಿಹಾರಕ್ಕೆ ಅರ್ಜಿ ಕೊಟ್ಟು ಸ್ವೀಕೃತಿ ತಗೊಳ್ಳಿ. ಸ್ಥಳ ಪರಿಶೀಲನೆ ಆಗುವ ತನಕ ಆ ಸಾಲು ಕಟಾವು ಮಾಡಬೇಡಿ. ಸಿಗುವ ಪರಿಹಾರ ನಿಮ್ಮ ನಷ್ಟಕ್ಕೆ ಸಾಲುವುದಿಲ್ಲ, ಅದು ನನಗೂ ಬೇಸರದ ವಿಷಯ. ಆದರೂ ಅರ್ಜಿ ಹಾಕದೇ ಸುಮ್ನೆ ಇದ್ದರೆ ನಿಮ್ಮೂರಲ್ಲಿ ಹಂದಿ ಕಾಟವೇ ಇಲ್ಲ ಅಂತ ಕಡತದಲ್ಲಿ ಉಳಿಯುತ್ತೆ. ಊರಿನವರೆಲ್ಲ ಸೇರಿ ಹಾಕಿ.

ಪ್ರಶ್ನೆ: ಸಂಕ್ರಾಂತಿಗೆ ನಮ್ಮೂರಲ್ಲಿ ಬಲೆ ಹಾಕಿ ಮೊಲ ಹಿಡಿದು, ಪೂಜೆ ಮಾಡಿ, ಕಿವಿಗೆ ಓಲೆ ಚುಚ್ಚಿ ಮತ್ತೆ ಕಾಡಿಗೆ ಬಿಡ್ತೀವಿ. ಕೊಲ್ಲಲ್ಲ. ತಾತನ ಕಾಲದಿಂದ ನಡೆದು ಬಂದಿದ್ದು. ಇದೂ ಅಪರಾಧವಾ ಸರ್?
— ಕಾಲೇಜು ವಿದ್ಯಾರ್ಥಿ, ಹೊಸದುರ್ಗ ತಾಲ್ಲೂಕು

ಉತ್ತರ: ಹೌದು ತಮ್ಮಾ. ಕಾಯ್ದೆಯಲ್ಲಿ ಹಿಡಿಯುವುದು, ಅಟ್ಟಾಡಿಸುವುದು, ಗಾಯ ಮಾಡುವುದು ಎಲ್ಲವೂ ಬೇಟೆಯ ಅರ್ಥದೊಳಗೇ ಬರುತ್ತವೆ. ಬಿಟ್ಟುಬಿಟ್ಟೆವು ಅನ್ನುವುದು ಒಳ್ಳೆಯ ಮನಸ್ಸು, ಆದರೆ ವಿನಾಯಿತಿ ಅಲ್ಲ. ತಾತನ ಕಾಲದ ಮಾತು ಬಂದಿದ್ದಕ್ಕೆ ಹೇಳುತ್ತೇನೆ. ಮೈಸೂರು ಸಂಸ್ಥಾನದಲ್ಲಿ 1901ರಲ್ಲೇ ಶಿಕಾರಿ ಪ್ರಾಣಿಗಳ ಮತ್ತು ಮೀನಿನ ರಕ್ಷಣೆಗೆ ಕಾನೂನಿತ್ತು, ಚಿತ್ರದುರ್ಗ ಅದೇ ಸಂಸ್ಥಾನಕ್ಕೆ ಸೇರಿತ್ತು. ಸ್ವಾತಂತ್ರ್ಯ ಬಂದ ಮೇಲೂ ಕೆಲವು ಪ್ರಾಣಿಗಳನ್ನು ಲೈಸೆನ್ಸ್ ಮೇಲೆ ಬೇಟೆಯಾಡಬಹುದಿತ್ತು. 1991ರ ತಿದ್ದುಪಡಿಯಲ್ಲಿ ಆ ಬಾಗಿಲೂ ಮುಚ್ಚಿತು.

ಕಾನೂನು ಬದಿಗಿಟ್ಟು ಮೊಲದ ಕಡೆಯಿಂದ ನೋಡು. ಅದು ಬಿಲ ತೋಡುವ ಪ್ರಾಣಿ ಅಲ್ಲ, ಹುಲ್ಲಿನ ನಡುವೆಯೇ ಮರಿ ಇಟ್ಟು ಹೋಗಿರುತ್ತೆ. ತಮಟೆ, ಕೂಗಾಟ, ಬಲೆ, ಕೈಯಿಂದ ಕೈಗೆ ದಾಟುವುದು, ಆಮೇಲೆ ಕಿವಿ ಚುಚ್ಚುವುದು. ಬಿಟ್ಟಾಗ ಓಡಿ ಹೋದದ್ದು ಕಾಣುತ್ತೆ, ಆದರೆ ಹಿಡಿದಾಗಿನ ಗಾಬರಿಗೇ ಆಮೇಲೆ ಪ್ರಾಣ ಬಿಡುವ ಮೊಲಗಳುಂಟು. ಊರ ಹಿರಿಯರ ಎದುರು ವಾದ ಮಾಡಲು ಹೋಗಬೇಡ, ಜಗಳವಾಗುತ್ತೆ. ನಿಮ್ಮೂರ ಕುಂಬಾರರ ಹತ್ತಿರ ಮಣ್ಣಿನ ಮೊಲ ಮಾಡಿಸಿ ಅದಕ್ಕೆ ಓಲೆ ಹಾಕಿ ಮೆರವಣಿಗೆ ಮಾಡೋಣ ಅಂತ ಹುಡುಗರೆಲ್ಲ ಸೇರಿ ಕೇಳಿ. ಪೂಜೆಯೂ ಉಳಿಯುತ್ತೆ, ಮೊಲವೂ ಉಳಿಯುತ್ತೆ.

ಪ್ರಶ್ನೆ: ನಮ್ಮ ಮನೆಯಲ್ಲಿ ಬೆಳೆ ಕಾಯಲು ಲೈಸೆನ್ಸ್ ಇರುವ ಕೋವಿ ಇದೆ. ಊರು ರಂಗಯ್ಯನದುರ್ಗದ ಕಾಡಿಗೆ ಹತ್ತಿರ. ಹೊಲಕ್ಕೆ ಬಂದ ಪ್ರಾಣಿಗೆ ಹೊಡೆಯಬಹುದಾ?
— ಜಗಳೂರು ತಾಲ್ಲೂಕು

ಉತ್ತರ: ಇಲ್ಲ. ಕೋವಿಯ ಲೈಸೆನ್ಸ್ ಬೇರೆ, ಪ್ರಾಣಿ ಕೊಲ್ಲುವ ಅನುಮತಿ ಬೇರೆ. ರಂಗಯ್ಯನದುರ್ಗ 2011ರಿಂದ ಕೊಂಡುಕುರಿಗಾಗಿಯೇ (ನಾಲ್ಕು ಕೊಂಬಿನ ಹುಲ್ಲೆ) ಇರುವ ವನ್ಯಜೀವಿಧಾಮ. ಧಾಮದಿಂದ 10 ಕಿಲೋಮೀಟರ್ ಒಳಗೆ ಕೋವಿ ಇಟ್ಟುಕೊಂಡವರು ಅರಣ್ಯ ಇಲಾಖೆಯಲ್ಲಿ ಹೆಸರು ನೋಂದಾಯಿಸಬೇಕು ಅಂತ ಕಾಯ್ದೆಯ 34ನೇ ಸೆಕ್ಷನ್ ಹೇಳುತ್ತೆ, ನಿಮ್ಮದು ಆಗಿದೆಯಾ ನೋಡಿಕೊಳ್ಳಿ. ಕೋವಿ ಹಿಡಿದು ಧಾಮದೊಳಗೆ ಕಾಲಿಡಬೇಡಿ, ಅದಕ್ಕೂ ಲಿಖಿತ ಅನುಮತಿ ಬೇಕು. ರಾತ್ರಿ ಪೊದೆಯಲ್ಲಿ ಅಲುಗಿದ್ದು ಹಂದಿಯೋ ಕೊಂಡುಕುರಿಯೋ ಮನುಷ್ಯನೋ ಗೊತ್ತಾಗುವುದಿಲ್ಲ. ಕರಡಿ ಮೈಮೇಲೆ ಬಿದ್ದು ಜೀವ ಉಳಿಸಿಕೊಳ್ಳಲು ಹೊಡೆದರೆ ಅದು ಅಪರಾಧವಲ್ಲ. ಆದರೆ ಆ ಹೊತ್ತಿಗೆ ನೀವೇ ಬೇಟೆಗೆ ಹೋಗಿದ್ದರೆ ಆ ರಕ್ಷಣೆ ಇಲ್ಲ.

ಪ್ರಶ್ನೆ: ಬಿದ್ದ ತೆಂಗಿನ ಮರದ ಪೊಟರೆಯಿಂದ ಮಗ ಗಿಳಿಮರಿ ತಂದಿದ್ದಾನೆ. ಸಾಕಿಕೊಳ್ಳಬಹುದಾ?
— ಗೃಹಿಣಿ, ಚಳ್ಳಕೆರೆ

ಉತ್ತರ: ಬೇಡ ಅಮ್ಮಾ. ನಮ್ಮ ಹಸಿರು ಗಿಳಿಯನ್ನು ಪಂಜರದಲ್ಲಿ ಸಾಕುವಂತಿಲ್ಲ. ಕಾಡುಪ್ರಾಣಿ, ಪಕ್ಷಿ ಹೀಗೆ ಕೈಗೆ ಸಿಕ್ಕರೆ 48 ಗಂಟೆಯೊಳಗೆ ಹತ್ತಿರದ ಪೊಲೀಸ್ ಠಾಣೆಗೋ ಅರಣ್ಯ ಇಲಾಖೆಗೋ ತಿಳಿಸಬೇಕು. ಮಗನನ್ನು ಬೈಯಬೇಡಿ, ಅವನು ಮರಿ ಉಳಿಸಲಿ ಅಂತಲೇ ತಂದಿದ್ದಾನೆ. ರಟ್ಟಿನ ಡಬ್ಬಕ್ಕೆ ತೂತು ಮಾಡಿ, ಒಳಗೆ ಹಳೇ ಬಟ್ಟೆ ಹಾಸಿ, ನೆರಳಲ್ಲಿ ಬೆಚ್ಚಗಿಡಿ. ಕೊಕ್ಕಿಗೆ ನೀರು ಸುರಿಯಬೇಡಿ, ಉಸಿರುಕೊಳವೆಗೆ ಹೋದರೆ ಸತ್ತೇ ಹೋಗುತ್ತೆ. 1926ಕ್ಕೆ ಫೋನ್ ಮಾಡಿ, ಅದು ಅರಣ್ಯ ಇಲಾಖೆಯ ಸಹಾಯವಾಣಿ. ಸಿಬ್ಬಂದಿ ಬಂದಾಗ ಮರಿಯನ್ನು ಮಗನ ಕೈಯಿಂದಲೇ ಕೊಡಿಸಿ.